ಚೌಡಯ್ಯನವರ ಏಳು ತಂತಿಯ ಪಿಟೀಲಿನ ಅಳತೆ ಬರೆದಿಡಿ

ಸಂಪಾದಕರಿಗೆ ನಮಸ್ಕಾರ.

ಪಿಟೀಲು ಚೌಡಯ್ಯನವರ ಬಗ್ಗೆ ಬರೆಯುವವರೆಲ್ಲ ಏಳು ತಂತಿಯ ಮಾತನ್ನು ತಪ್ಪದೆ ಎತ್ತುತ್ತಾರೆ. ಆದರೆ ಅದು ಒಂದು ಸಾಲಿಗೆ ಮುಗಿದುಹೋಗುತ್ತದೆ: ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿದರು, ನಾದ ದೊಡ್ಡದಾಯಿತು. ಇಷ್ಟನ್ನೇ ಓದಿದವರಿಗೆ ಅದು ಯಾವುದೋ ಚಮತ್ಕಾರ ಎನಿಸಿದರೆ ತಪ್ಪು ಅವರದಲ್ಲ. ಪಿಟೀಲು ಕಲಿಸುವ, ರಿಪೇರಿ ಮಾಡುವ ನಮ್ಮಂಥವರ ಕಣ್ಣಿಗೆ ಅದು ಚಮತ್ಕಾರವಲ್ಲ. ಪಕ್ಕವಾದ್ಯಗಾರರೊಬ್ಬರು ತಮ್ಮ ಕಸುಬಿನ ತೊಡಕಿಗೆ ತಾವೇ ಹುಡುಕಿಕೊಂಡ ಉತ್ತರ. ಅದರ ವಿವರವನ್ನು ಈಗ ಬರೆದಿಡದಿದ್ದರೆ ಮುಂದೆ ಉಳಿಯುವುದು ಹೆಸರೊಂದೇ ಎಂಬ ಆತಂಕದಿಂದ ಈ ಪತ್ರ.

ಅವರ ಬದುಕಿನ ಮುಖ್ಯ ಸಂಗತಿಗಳು ಹಲವರಿಗೆ ಗೊತ್ತಿವೆ, ಚುಟುಕಾಗಿ ಹೇಳುತ್ತೇವೆ. ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಅವರ ಕೃತಿಗಳ ಅಂಕಿತ 'ತ್ರಿಮಕುಟ' ಆ ಊರಿನ ನೆನಪೇ. 1910ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1939ರಲ್ಲಿ ಚೌಡಯ್ಯನವರೂ ಆಸ್ಥಾನ ವಿದ್ವಾಂಸರಾದರು. 1943ರಲ್ಲಿ 'ವಾಣಿ' ಎಂಬ ಸಿನಿಮಾ ತೆಗೆದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. 1967ರ ಜನವರಿ 19ರಂದು ತೀರಿಕೊಂಡರು. ಅವರ ಕಾಲದಲ್ಲಿ ದಕ್ಷಿಣದ ಪಿಟೀಲು ಎಂದರೆ ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಮೈಸೂರು ಚೌಡಯ್ಯ, ಈ ಮೂರು ಹೆಸರುಗಳು ಒಟ್ಟಿಗೆ ಬರುತ್ತಿದ್ದವು.

ಇದರಲ್ಲಿ ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳಬೇಕು. ಬಿಡಾರಂ ಕೃಷ್ಣಪ್ಪನವರು ಗಾಯಕರು. ಗಾಯಕರ ಕೈಕೆಳಗೆ ಪಿಟೀಲು ಕಲಿತವನಿಗೆ ಮೊದಲು ಕಿವಿಗೆ ಬೀಳುವುದು ಕಂಠ, ವಾದ್ಯ ಆಮೇಲೆ. ಸಾಹಿತ್ಯ ಎಲ್ಲಿ ಒಡೆಯುತ್ತದೆ, ಗಾಯಕ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ, ಕಮಾನನ್ನು ಎಲ್ಲಿ ತಿರುಗಿಸಿದರೆ ಪದ ತುಂಡಾಗುವುದಿಲ್ಲ ಎಂಬುದು ಅಂಥ ಪಾಠದಲ್ಲಿ ತಾನಾಗಿ ಬರುತ್ತದೆ. ಚೌಡಯ್ಯನವರು ಚೆಂಬೈ ವೈದ್ಯನಾಥ ಭಾಗವತರಂಥ ತುಂಬು ಕಂಠದವರ ಪಕ್ಕದಲ್ಲಿ ಕೂತು ನುಡಿಸಿದವರು. ಅಂಥ ಕಂಠದ ಪಕ್ಕ ನಾಲ್ಕು ತಂತಿಯ ಪಿಟೀಲು ಎಷ್ಟು ಸಣ್ಣದಾಗುತ್ತದೆ ಎಂಬುದಕ್ಕೆ ಕಾರಣ ವಾದ್ಯದ ಕಟ್ಟಿನಲ್ಲೇ ಇದೆ.

ಪಿಟೀಲು ಯುರೋಪಿನಿಂದ ಬಂದ ವಾದ್ಯ. ಅಲ್ಲಿನ ಶ್ರುತಿಯಲ್ಲಿ ಕಟ್ಟಿದಾಗ ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 22 ಕೆ.ಜಿ. ಇರುತ್ತದೆ. ಮೇಲಿನ ಹಲಗೆಯ ದಪ್ಪ, ಅದರ ಒಳಮೈಗೆ ಅಂಟಿಸಿದ ಉದ್ದನೆಯ ಪಟ್ಟಿಯಾದ ಬಾಸ್ ಬಾರ್, ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಎತ್ತರ ಎಲ್ಲವೂ ಆ ಎಳೆತಕ್ಕೆ ಹೊಂದಿಕೊಂಡಿವೆ. ನಾವು ಅದೇ ವಾದ್ಯವನ್ನು ಸ-ಪ-ಸ-ಪ ಎಂದು ಕಟ್ಟುತ್ತೇವೆ. ಸ ಹಾರ್ಮೋನಿಯಂನ ಎಷ್ಟನೆಯ ಬಿಳಿ ಮನೆಯದೋ ಅಷ್ಟು ಮನೆ ಶ್ರುತಿ ಎನ್ನುವುದು ವಾಡಿಕೆ. ಗಾಯಕಿಯರ ಐದು ಮನೆ ಶ್ರುತಿಗಾದರೆ ತೊಂದರೆ ಕಡಿಮೆ: ದಪ್ಪನೆಯ ಎರಡು ತಂತಿಗಳು ಇದ್ದಲ್ಲೇ ಇರುತ್ತವೆ, ತೆಳ್ಳನೆಯ ಎರಡು ಒಂದೊಂದು ಸ್ವರ ಇಳಿಯುತ್ತವೆ. ಗಂಡಸರ ಒಂದು ಮನೆ ಶ್ರುತಿಗೆ ಬಂದರೆ ದಪ್ಪನೆಯ ಎರಡು ತಂತಿಗಳು ಒಂದು ಪಂಚಮದಷ್ಟು (ಸ-ಪ ನಡುವಿನ ಅಂತರದಷ್ಟು) ಇಳಿಯಬೇಕು, ತೆಳ್ಳನೆಯವು ಅದಕ್ಕಿಂತಲೂ ಒಂದು ಸ್ವರ ಕೆಳಕ್ಕೆ. ತಂತಿಯ ಎಳೆತ ಕಂಪನಸಂಖ್ಯೆಯ ವರ್ಗಕ್ಕೆ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರಿಳಿಯುತ್ತದೆ. ಪಂಚಮದಷ್ಟು ಇಳಿಸಿದ ತಂತಿಯಲ್ಲಿ ಉಳಿಯುವ ಎಳೆತ ಮೊದಲಿನ ಶೇ 44, ಅದಕ್ಕೂ ಒಂದು ಸ್ವರ ಕೆಳಗಿನದರಲ್ಲಿ ಶೇ 35. ಅದೇ ದಪ್ಪದ ತಂತಿಗಳನ್ನು ಇಟ್ಟುಕೊಂಡರೆ ಒಟ್ಟು ಎಳೆತ ಸುಮಾರು 9 ಕೆ.ಜಿ.ಗೆ ಬರುತ್ತದೆ. ಕುದುರೆಯ ಕಾಲು ಹಲಗೆಯನ್ನು ಒತ್ತುವ ಭಾರವೂ ಅಷ್ಟೇ ಪಾಲು ಕಡಿಮೆಯಾಗುತ್ತದೆ. ಹಲಗೆಗೆ ಅಲುಗಲು ಬೇಕಾದ ಬಲ ಸಿಗುವುದಿಲ್ಲ. ಕಮಾನನ್ನು ಸ್ವಲ್ಪ ಒತ್ತಿದರೆ ಸಡಿಲ ತಂತಿ ಕಿರುಗುಟ್ಟುತ್ತದೆ, ಶ್ರುತಿಯೂ ಒಂದು ಕ್ಷಣ ಮೇಲೆ ಸರಿದು ಕೆಳಗೆ ಬರುತ್ತದೆ.

ದಪ್ಪ ತಂತಿ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕುತ್ತಾರೆ. ಆದರೆ ಪಂಚಮದಷ್ಟು ಇಳಿದ ತಂತಿಯಲ್ಲಿ ಹಳೆಯ ಎಳೆತ ಮರಳಿ ಬರಬೇಕಾದರೆ ಅಷ್ಟೇ ಉದ್ದದ ತಂತಿಗೆ ಎರಡೂಕಾಲು ಪಟ್ಟು ತೂಕ ಬೇಕು, ಅಂದರೆ ಒಂದೇ ಲೋಹದ ತಂತಿಗೆ ಒಂದೂವರೆ ಪಟ್ಟು ವ್ಯಾಸ. ಅಷ್ಟು ದಪ್ಪದ ತಂತಿ ಗಡುಸು. ಕಮಾನು ತಾಗಿದ ಕೂಡಲೇ ಮಾತಾಡುವುದಿಲ್ಲ, ಬೆರಳ ಕೆಳಗೆ ಗಮಕ ಭಾರವಾಗುತ್ತದೆ, ದ್ರುತ ಸ್ವರಗಳಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕೇಳುತ್ತದೆ. ಹೀಗಾಗಿ ಆ ದಾರಿಯಲ್ಲಿ ಸ್ವಲ್ಪ ದೂರ ಮಾತ್ರ ಹೋಗಬಹುದು.

ಮೈಕು ವೇದಿಕೆಗೆ ಬರುವ ಮುಂಚೆ, 1920ರ ದಶಕದಲ್ಲಿ, ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ ಎಂಬ ತೊಡಕಿನ ಬೇರು ಇಲ್ಲಿದೆ. ಚೌಡಯ್ಯನವರು ತಂತಿಯನ್ನು ದಪ್ಪ ಮಾಡುವ ಬದಲು ನಾಲ್ಕರಲ್ಲಿ ಮೂರು ತಂತಿಗಳ ಪಕ್ಕ ಅದೇ ಸ್ವರದ ಇನ್ನೊಂದೊಂದು ತಂತಿ ಕಟ್ಟಿ ಜೊತೆ ಕೊಟ್ಟರು. ತಂತಿ ತೆಳ್ಳಗೇ ಉಳಿಯಿತು, ಹಾಗಾಗಿ ಗಮಕ ಕೆಡಲಿಲ್ಲ. ಕುದುರೆಯ ಮೇಲಿನ ಭಾರ ಮಾತ್ರ ಹೆಚ್ಚಾಯಿತು. ಲೆಕ್ಕ ಹಾಕಿ ನೋಡಿ: ಒಂದು ಮನೆ ಶ್ರುತಿಯಲ್ಲಿ ನಾಲ್ಕಕ್ಕೆ 9 ಕೆ.ಜಿ. ಇದ್ದದ್ದು ಏಳಕ್ಕೆ 15 ಕೆ.ಜಿ. ಆಸುಪಾಸಿಗೆ ಬರುತ್ತದೆ. ವಾದ್ಯ ಹೊರಬಲ್ಲ 22ಕ್ಕಿಂತ ಇನ್ನೂ ಕಡಿಮೆಯೇ. ಅದೇ ಏಳು ತಂತಿಯನ್ನು ಐದು ಮನೆಗೆ ಏರಿಸಿದರೆ 30 ಕೆ.ಜಿ. ದಾಟುತ್ತದೆ, ಆಗ ಹಲಗೆ ಕುಸಿಯುವ, ಕುತ್ತಿಗೆ ಮುಂದಕ್ಕೆ ಬಾಗುವ ಭಯ ನಿಜವಾದದ್ದು. ಏಳು ತಂತಿಯ ಪಿಟೀಲು ಗಂಡಸರ ಶ್ರುತಿಯ ಪಕ್ಕವಾದ್ಯ ಎಂದು ನಾವು ಹೇಳುವುದು ಇದಕ್ಕೇ.

ಜೊತೆ ತಂತಿಯಿಂದ ನಾದ ಎರಡು ಪಟ್ಟಾಗುತ್ತದೆ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಶಕ್ತಿ ಎರಡು ಪಟ್ಟಾದರೂ ಏರುವುದು 3 ಡೆಸಿಬೆಲ್, ಕಿವಿಗೆ ಎರಡು ಪಟ್ಟು ಎನಿಸಲು ಸುಮಾರು 10 ಡೆಸಿಬೆಲ್ ಬೇಕು. ಏಳು ತಂತಿಯಲ್ಲಿ ಸಿಗುವ ದೊಡ್ಡ ಲಾಭ ಬೇರೆ. ಎರಡು ತಂತಿಗಳು ಒಂದೇ ಕಮಾನಿನ ಒತ್ತಡವನ್ನು ಹಂಚಿಕೊಳ್ಳುವುದರಿಂದ ಕಿರುಗುಟ್ಟುವ ಮೊದಲು ಹೆಚ್ಚು ಒತ್ತಬಹುದು. ಎರಡರ ನಡುವೆ ಇರುವ ಕೂದಲೆಳೆಯಷ್ಟು ವ್ಯತ್ಯಾಸದಿಂದ ನಾದಕ್ಕೆ ಮೈ ತುಂಬುತ್ತದೆ. ಮೃದಂಗ, ಘಟಗಳ ನಡುವೆಯೂ ಕಿವಿ ಆ ನಾದವನ್ನು ಬೇರೆಯಾಗಿ ಗುರುತಿಸುತ್ತದೆ.

ಆ ವ್ಯತ್ಯಾಸ ಕೂದಲೆಳೆಯಷ್ಟೇ ಇರಬೇಕು, ಅಲ್ಲೇ ಕಷ್ಟ. ಒಂದು ಮನೆಯ ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು 262 ಕಂಪನ. ಜೊತೆ ತಂತಿ 264ಕ್ಕೆ ನಿಂತರೆ ಸೆಕೆಂಡಿಗೆ ಎರಡು ಸಲ ನಾದ ಉಬ್ಬಿ ತಗ್ಗುತ್ತದೆ, ಕೇಳುವವರಿಗೆ ಅದು ಅಪಶ್ರುತಿಯೇ. ಆದ್ದರಿಂದ ಶ್ರುತಿ ಮಾಡುವುದಕ್ಕೆ ಒಂದು ಕ್ರಮವಿದೆ. ಜೊತೆ ತಂತಿಗಳನ್ನು ಬೆರಳಿನಿಂದ ಅದುಮಿ ಮುಚ್ಚಿ, ಮೂಲ ನಾಲ್ಕನ್ನು ಮೊದಲು ತಂಬೂರಿಗೆ ಸೇರಿಸಬೇಕು. ಆಮೇಲೆ ಜೊತೆಗಳನ್ನು ಒಂದೊಂದಾಗಿ ಏರಿಸುತ್ತಾ ಆ ಉಬ್ಬು ತಗ್ಗು ನಿಧಾನವಾಗಿ ನಿಲ್ಲುವವರೆಗೆ ಹೊಂದಿಸಬೇಕು. ಕೊನೆಯ ತಂತಿ ಸೇರುವ ಹೊತ್ತಿಗೆ ಹಲಗೆಯ ಮೇಲೆ ಭಾರ ಹೆಚ್ಚಾಗಿ ಮೊದಲು ಸೇರಿಸಿದ್ದು ಇಳಿದಿರುತ್ತದೆ, ಹಾಗಾಗಿ ಮತ್ತೆ ಮೊದಲಿನಿಂದ. ಎರಡು ಮೂರು ಸುತ್ತು ಹಾಕದೆ ಏಳು ತಂತಿ ನಿಲ್ಲುವುದಿಲ್ಲ. ಪ್ರತಿ ಸುತ್ತಿನ ನಂತರ ಕುದುರೆಯನ್ನು ಪಕ್ಕದಿಂದ ನೋಡಬೇಕು. ತಂತಿ ಬಿಗಿಯುವ ಬಿರಡೆ ತಿರುಗಿಸಿದಷ್ಟೂ ಅದು ಕುದುರೆಯ ತಲೆಯನ್ನು ಕುತ್ತಿಗೆಯ ಕಡೆಗೆ ಎಳೆಯುತ್ತದೆ. ಟೇಲ್‌ಪೀಸ್ (ತಂತಿಗಳ ಕೆಳತುದಿ ಕಟ್ಟುವ ಪಟ್ಟಿ) ಕಡೆಗಿರುವ ಕುದುರೆಯ ಮುಖ ಹಲಗೆಗೆ ನೇರವಾಗಿ ನಿಂತಿರಬೇಕು. ವಾಲಿದ್ದನ್ನು ಎರಡೂ ಕೈಯಿಂದ ಹಿಡಿದು ಸರಿಪಡಿಸದೆ ಬಿಟ್ಟರೆ ಕೆಲವೇ ವಾರಗಳಲ್ಲಿ ಕುದುರೆ ಬಾಗುತ್ತದೆ, ಕಚೇರಿಯ ನಡುವೆ ಬಿದ್ದರೂ ಬೀಳಬಹುದು.

ಇನ್ನೊಂದು ಸೂಕ್ಷ್ಮ: ಖಾಲಿ ತಂತಿಯಲ್ಲಿ ಸೇರಿದ ಜೊತೆ ತಾರಸ್ಥಾಯಿಗೆ ಹೋದಾಗ ಸೇರದಿರಬಹುದು. ಬೆರಳು ಒತ್ತಿದಾಗ ತಂತಿ ಸ್ವಲ್ಪ ಹಿಗ್ಗಿ ಸ್ವರ ಏರುತ್ತದೆ, ದಪ್ಪ ಮತ್ತು ಒಳ ಎಳೆ ಬೇರೆಯಾದರೆ ಏರುವ ಪ್ರಮಾಣವೂ ಬೇರೆ. ಹಳೆಯ ತಂತಿಯ ಪಕ್ಕ ಹೊಸ ತಂತಿ ಕಟ್ಟುವವರಿಗೆ ಈ ತೊಂದರೆ ಖಚಿತ. ಒಂದು ಹೋದರೆ ಅದರ ಜೊತೆಯನ್ನೂ ಬದಲಿಸಬೇಕು.

ಮರದ ಕೆಲಸದ ತೊಡಕುಗಳು ಬೇರೆ. ಸಾಮಾನ್ಯ ಪಿಟೀಲಿನ ಕುತ್ತಿಗೆ ನಟ್ (ತಲೆಯ ಬಳಿ ತಂತಿಗಳು ಕೂರುವ ಗೀರುಗಳ ಪಟ್ಟಿ) ಹತ್ತಿರ 24 ಮಿ.ಮೀ. ಅಗಲ. ಕುದುರೆಯ ಮೇಲೆ ಮೊದಲ ತಂತಿಯಿಂದ ನಾಲ್ಕನೆಯದಕ್ಕೆ 33-34 ಮಿ.ಮೀ. ಇಷ್ಟರೊಳಗೆ ಏಳನ್ನು ಹೊಂದಿಸಬೇಕು. ಜೊತೆಯ ಎರಡು ತಂತಿಗಳು ತೀರ ಹತ್ತಿರವಾದರೆ ಕಂಪಿಸುವಾಗ ಒಂದಕ್ಕೊಂದು ತಾಗಿ ಝೇಂಕರಿಸುತ್ತವೆ. ದೂರವಾದರೆ ಬೆರಳ ತುದಿ ಎರಡನ್ನೂ ಸಮನಾಗಿ ಮುಚ್ಚುವುದಿಲ್ಲ, ಕಮಾನು ಪಕ್ಕದ ಜೊತೆಗೂ ತಾಗುತ್ತದೆ. ಕುದುರೆಯ ಬಾಗು ಇಡೀ ಒಂದೇ ವೃತ್ತವಾಗಿದ್ದರೆ ಆಗದು. ಜೊತೆಯ ಎರಡೂ ತಂತಿಗಳನ್ನು ಕಮಾನಿನ ಕೂದಲು ಒಮ್ಮೆಗೇ ಹಿಡಿಯುವಂತೆ ಅಲ್ಲಲ್ಲಿ ಮಟ್ಟಸ ಮಾಡಬೇಕು. ಬಿರಡೆಗಳ ಮಾತೂ ಹೀಗೇ. ನಾಲ್ಕು ಬಿರಡೆಯ ಹಳೆಯ ತಲೆಗೆ ಇನ್ನೂ ಮೂರು ತೂತು ಕೊರೆದವರು ವಾದ್ಯವನ್ನು ಕಳೆದುಕೊಂಡಿದ್ದಾರೆ, ತೂತುಗಳ ನಡುವಿನ ಮರ ತೆಳುವಾಗಿ ಸೀಳುತ್ತದೆ. ತಲೆಯನ್ನು ಉದ್ದ ಮಾಡಿಯೇ ಕಟ್ಟಬೇಕು. ಉದ್ದ ಮಾಡಿದರೆ ತೂಕ ಹೆಚ್ಚುತ್ತದೆ ನಿಜ. ಆದರೆ ನಮ್ಮ ಪದ್ಧತಿಯಲ್ಲಿ ಚಕ್ಕಳಮಕ್ಕಳ ಕೂತು ವಾದ್ಯದ ತಲೆಯನ್ನು ಬಲಗಾಲಿನ ಮೇಲೆ ಊರುವುದರಿಂದ ಆ ತೂಕ ಎಡಗೈಗೆ ಬೀಳುವುದಿಲ್ಲ. ನಿಂತು ನುಡಿಸುವವರಿಗೆ ಈ ವಾದ್ಯ ಹೊಂದುತ್ತಿರಲಿಲ್ಲ.

ಎಡಗೈ ಬೆರಳಿಗೆ ಜಾರಲು ಕೊಬ್ಬರಿ ಎಣ್ಣೆ ಸವರಿಕೊಳ್ಳುವ ರೂಢಿಯುಳ್ಳವರು ಜೊತೆ ತಂತಿಯಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಎರಡು ತಂತಿಯ ನಡುವಿನ ಸಂದಿಯಲ್ಲಿ ಎಣ್ಣೆ, ರಾಳದ ಪುಡಿ, ಬೆವರು ಸೇರಿ ಅಂಟಾಗುತ್ತದೆ. ಅದು ಕಮಾನಿನ ಕೂದಲಿಗೆ ತಾಗಿತೆಂದರೆ ಎಷ್ಟು ರಾಳ ಉಜ್ಜಿದರೂ ಹಿಡಿತ ಬಾರದು, ಕೂದಲನ್ನೇ ಬದಲಿಸಬೇಕು. ನುಡಿಸಿದ ಕೂಡಲೇ ಒಣ ಹತ್ತಿಬಟ್ಟೆಯನ್ನು ಜೊತೆಯ ನಡುವೆ ತೂರಿಸಿ ಒರೆಸುವುದೊಂದೇ ದಾರಿ.

ಇಷ್ಟೆಲ್ಲ ಕಷ್ಟಪಟ್ಟು ನಿಲ್ಲಿಸಿದ ವಾದ್ಯವನ್ನು ಚೌಡಯ್ಯನವರು ಕಚೇರಿಯಲ್ಲಿ ಬಳಸಿದರು, ಶಿಷ್ಯರಿಗೂ ಕಲಿಸಿದರು. ಆರ್. ಆರ್. ಕೇಶವಮೂರ್ತಿಯವರು ಅದನ್ನು ಕೈಬಿಡದೆ ನುಡಿಸಿ ಮುಂದಿನ ಪೀಳಿಗೆಗೆ ಕೇಳಿಸಿದರು. ಮೈಕು ಬಂದ ಮೇಲೆ ನಾದ ದೊಡ್ಡದು ಮಾಡುವ ಅಗತ್ಯ ಹೋಯಿತು, ಏಳು ತಂತಿ ಹಿಂದೆ ಸರಿಯಿತು. ಇದಕ್ಕೆ ಯಾರನ್ನೂ ದೂರಲಾಗದು. ಆದರೆ ಮೈಕು ತಂದದ್ದು ಗಟ್ಟಿತನವನ್ನು ಮಾತ್ರ. ಸಡಿಲ ತಂತಿಯ ಕಿರುಗುಟ್ಟುವಿಕೆಯನ್ನೂ ಅದು ಅಷ್ಟೇ ದೊಡ್ಡದು ಮಾಡಿ ಕೇಳಿಸುತ್ತದೆ. ಇವತ್ತು ಒಂದು ಮನೆಯ ಗಾಯಕರ ಪಕ್ಕದಲ್ಲಿ ಪಿಟೀಲಿನ ಮಂದ್ರ (ಕೆಳಗಿನ ಸ್ವರಗಳು) ಮಂಕಾಗಿ ಕೇಳಿದರೆ ಕಾರಣ ನೂರು ವರ್ಷ ಹಿಂದಿನದೇ. ಗಾಯಕಿಯರಿಗೂ ಗಾಯಕರಿಗೂ ಪಕ್ಕವಾದ್ಯ ನುಡಿಸುವ ವಿದ್ಯಾರ್ಥಿಗೆ ನಾವು ಎರಡು ವಾದ್ಯ ಇಟ್ಟುಕೊಳ್ಳಲು ಹೇಳುತ್ತೇವೆ. ಒಂದೇ ವಾದ್ಯವನ್ನು ಐದರಿಂದ ಒಂದಕ್ಕೆ ಇಳಿಸಿ ಏರಿಸಿ ಮಾಡಿದರೆ ತಂತಿ ಬೇಗ ಸಾಯುತ್ತದೆ, ನಾಲ್ಕನ್ನೂ ಒಟ್ಟಿಗೆ ಸಡಿಲಿಸಿದಾಗ ಒಳಗಿನ ಸೌಂಡ್ ಪೋಸ್ಟ್ ಬೀಳಬಹುದು. ಅದು ಸುಮಾರು 6 ಮಿ.ಮೀ. ದಪ್ಪದ ಕಡ್ಡಿ, ಅಂಟಿಲ್ಲದೆ ಬರೀ ಒತ್ತಡದಿಂದ ನಿಂತಿರುವುದು.

ಧ್ವನಿಮುದ್ರಣಗಳ ಬಗ್ಗೆಯೂ ಒಂದು ಮಾತು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಸುವುದು ಮೂರು, ಮೂರೂವರೆ ನಿಮಿಷ. ಪಕ್ಕವಾದ್ಯದ ಹಿರಿಮೆ ಕಾಣುವ ಜಾಗಗಳು, ಅಂದರೆ ಆಲಾಪನೆಯಲ್ಲಿ ಗಾಯಕನ ನೆರಳಾಗಿ ಹೋಗಿ ತನ್ನ ಸರದಿಯಲ್ಲಿ ಅದೇ ದಾರಿಯಲ್ಲಿ ಬೇರೆ ಹೆಜ್ಜೆ ಇಡುವುದು, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲಿನಲ್ಲಿ ಸಾಹಿತ್ಯವನ್ನು ಕಮಾನಿನಲ್ಲಿ ಉಚ್ಚರಿಸುವುದು, ಇವಕ್ಕೆ ಆ ತಟ್ಟೆಯಲ್ಲಿ ಎಡೆಯಿಲ್ಲ. ಮೂರು ನಿಮಿಷದ ತಟ್ಟೆ ಕೇಳಿ ಚೌಡಯ್ಯನವರನ್ನು ಅಳೆಯುವುದು ಅನ್ಯಾಯ. ಕಚೇರಿಯ ಮತ್ತು ಆಕಾಶವಾಣಿಯ ಮುದ್ರಣಗಳನ್ನೇ ಕೇಳಬೇಕು. ತಟ್ಟೆಯನ್ನು ಡಿಜಿಟಲ್ ಮಾಡುವವರು ವೇಗವನ್ನೂ ಬರೆದಿಡಬೇಕು. 78ರಲ್ಲಿ ಮುದ್ರಿಸಿದ್ದನ್ನು 80ರಲ್ಲಿ ಓಡಿಸಿದರೆ ಶ್ರುತಿ ಸುಮಾರು ಕಾಲು ಸ್ವರ ಏರುತ್ತದೆ. ಆಮೇಲೆ ಯಾರೋ ಅದನ್ನು ಕೇಳಿ ಅವರು ಇಷ್ಟು ಮನೆಗೆ ಕಟ್ಟುತ್ತಿದ್ದರು ಎಂದು ಬರೆಯುತ್ತಾರೆ, ತಪ್ಪು ಪುಸ್ತಕ ಸೇರುತ್ತದೆ.

ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಭವನವಿದೆ. ಅದರ ಬಗ್ಗೆ ಹೆಮ್ಮೆಯಿದೆ. ನಾವು ಕೇಳುತ್ತಿರುವುದು ಅದಕ್ಕಿಂತ ಬಹಳ ಸಣ್ಣ ಖರ್ಚಿನ ಕೆಲಸ. ಮೈಸೂರಿನಲ್ಲೇ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಿದೆ. ಏಳು ತಂತಿಯ ವಾದ್ಯ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿಗೆ ಒಬ್ಬ ಪಿಟೀಲು ವಿದ್ವಾಂಸರನ್ನೂ ಒಬ್ಬ ವಾದ್ಯ ಕಟ್ಟುವವರನ್ನೂ ಒಟ್ಟಿಗೆ ಕಳಿಸಲಿ. ಬಿರಡೆ ಪೆಟ್ಟಿಗೆಯ ಉದ್ದ, ಬಿರಡೆಯಿಂದ ಬಿರಡೆಗೆ ಇರುವ ಅಂತರ, ನಟ್ ಮತ್ತು ಕುದುರೆಯ ಮೇಲೆ ತಂತಿಗಳ ನಡುವಿನ ಒಂದೊಂದು ಅಂತರ, ಕುದುರೆಯ ಬಾಗಿನ ಅಚ್ಚು, ಟೇಲ್‌ಪೀಸಿನ ತೂತುಗಳ ಸಾಲು, ಉಳಿದಿದ್ದರೆ ಹಳೆಯ ತಂತಿಗಳ ದಪ್ಪ, ಇಷ್ಟನ್ನು ಕ್ಯಾಲಿಪರ್ ಹಿಡಿದು ಮಿ.ಮೀ.ನ ಹತ್ತನೇ ಒಂದು ಭಾಗದವರೆಗೆ ಬರೆದುಕೊಂಡರೆ ಸಾಕು. ಆ ಅಳತೆಯಲ್ಲಿ ಎರಡು ಹೊಸ ವಾದ್ಯ ಕಟ್ಟಿಸಿ ವಿದ್ವತ್ ಹಂತದ ವಿದ್ಯಾರ್ಥಿಗಳಿಗೆ ವರ್ಷಕ್ಕೊಬ್ಬರಂತೆ ಕೊಡಲಿ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಪಿಟೀಲಿನಿಂದ ಕಮಾನಿನ ಒತ್ತಡ ಕಲಿಯಲಾಗದು.

ಜೊತೆಗೆ ಪಕ್ಕವಾದ್ಯಕ್ಕೆ ಪರೀಕ್ಷೆಯಲ್ಲಿ ಪ್ರತ್ಯೇಕ ಅಂಕವಿರಲಿ. ವಿದ್ಯಾರ್ಥಿ ಮೊದಲೇ ಅಭ್ಯಾಸ ಮಾಡಿರದ ಗಾಯಕರೊಬ್ಬರ ಪಕ್ಕ ಇಪ್ಪತ್ತು ನಿಮಿಷ ಕೂತು ಆಲಾಪನೆ, ನೆರವಲು, ಸ್ವರ ನುಡಿಸಿ ತೋರಿಸಲಿ. ತಾನೊಬ್ಬನೇ ವರ್ಣ ನುಡಿಸಿ ತೇರ್ಗಡೆಯಾದವರು ಪಕ್ಕವಾದ್ಯಗಾರರಾಗುವುದಿಲ್ಲ, ಚೌಡಯ್ಯನವರ ಬದುಕಿನ ಬಹುಪಾಲು ಪಕ್ಕವಾದ್ಯದಲ್ಲೇ ಕಳೆದದ್ದು.

ಇಂಥ ಹಳೆಯ ವಾದ್ಯ ಯಾರದಾದರೂ ಮನೆಯಲ್ಲಿದ್ದರೆ, ಅಳತೆ ತೆಗೆಯುವವರು ಬರುವವರೆಗೆ ಇಷ್ಟು ಮಾಡಿ. ಆಸೆಪಟ್ಟು ತಂತಿ ಬಿಗಿಯಬೇಡಿ. ಪೂರ್ತಿ ಬಿಚ್ಚಲೂ ಬೇಡಿ, ಕುದುರೆ ನಿಲ್ಲುವಷ್ಟು ಎಳೆತ ಇರಲಿ. ಬಿರಡೆ ಮಳೆಗಾಲದಲ್ಲಿ ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಬೇಡಿ, ಒಣ ಹವೆ ಬಂದಾಗ ತಾನಾಗಿ ಬಿಡುತ್ತದೆ. ಅಂಚಿನ ಅಂಟು ಬಿಟ್ಟಿದ್ದರೆ ಅಂಗಡಿಯ ಬಿಳಿ ಅಂಟನ್ನಾಗಲಿ ಫೆವಿಕಾಲನ್ನಾಗಲಿ ಹಚ್ಚಬೇಡಿ. ಪಿಟೀಲಿಗೆ ಹಚ್ಚುವುದು ಬಿಸಿ ನೀರಿಗೆ ಕರಗುವ ಸರೇಸು, ಹಲಗೆ ಒಡೆಯುವ ಮೊದಲು ಅಂಟು ಬಿಡಲಿ ಎಂದೇ ಅದನ್ನು ಬಳಸುವುದು. ಹೊಳಪಿಗೆಂದು ವಾರ್ನಿಷ್ ಬಳಿಯಬೇಡಿ. ಒಳಗೆ ಕಡ್ಡಿ ಬಿದ್ದು ಸದ್ದಾಗುತ್ತಿದ್ದರೆ ತಂತಿಗಳನ್ನು ಇನ್ನೂ ಸಡಿಲಿಸಿ, ಆ ಕಡ್ಡಿಯನ್ನು ಹಾಗೇ ಒಳಗೆ ಇರಲು ಬಿಡಿ. ಹರಿದ ತಂತಿಯ ತುಂಡುಗಳನ್ನೂ ಎಸೆಯದೆ ಯಾವುದು ಎಲ್ಲಿಯದು ಎಂದು ಚೀಟಿ ಅಂಟಿಸಿ ಅದೇ ಪೆಟ್ಟಿಗೆಯಲ್ಲಿ ಇಡಿ.

ಇಂತು,
ಪಿಟೀಲು ಕಲಿಸುವ ಮತ್ತು ರಿಪೇರಿ ಮಾಡುವ ಕೆಲವರು,
ಮೈಸೂರು